ಲಿಯೊಂಟೀನಾ ಮತ್ತು ಮೇಲಿನ ಒಲೆ

ಲಿಯೊಂಟೀನಾ ಫುರ್ತಾದು ಸುಮ್ಮನೆ ಕೂತಿದ್ದನ್ನು ನಾನು ಮೂವತ್ತೊಂದು ವರ್ಷಗಳಲ್ಲಿ ಎರಡೇ ಸಲ ನೋಡಿದ್ದೇನೆ. ಒಂದು, ಅವಳ ಗಂಡ ಒಕ್ತಾವಿಯು ಸತ್ತ ದಿನ. ಇನ್ನೊಂದು, ಇನ್ಶೂರೆನ್ಸ್ ಕಂಪನಿಯ ವಕೀಲ ಮೇಜಿನ ಆಚೆ ಕೂತು ಅವಳ ತಮ್ಮನ ವಿಷಯ ಕೇಳಿದ ದಿನ. ಉಳಿದಂತೆ ಅವಳು ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ಅಮೆರಿಕದ ಫಾಲ್ ರಿವರ್‌ನ ಪರದೆ ಗಿರಣಿಯಲ್ಲಿ ನಾನು ಹೊಲಿಯುವ ಸಾಲಿನಲ್ಲಿದ್ದೆ. ಅವಳು ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮುಂದೆ ನಿಂತಿರುತ್ತಿದ್ದಳು. ಊಟದ ಗಂಟೆ ಹೊಡೆದ ಕೂಡಲೇ ನಾವೆಲ್ಲ ಗೋಡೆಗೊರಗಿ ಕಾಲು ಚಾಚಿದರೆ ಅವಳು ನಿಂತೇ ರೊಟ್ಟಿ ಮುಗಿಸುತ್ತಿದ್ದಳು. "ಕೂತ್ರೆ ಮೈ ಹಿಡ್ಕೊಳುತ್ತೆ ಕಣೆ ಜುಲ್ಮೀರಾ" ಅನ್ನುತ್ತಿದ್ದಳು. ಸುಳ್ಳು. ಕೂತರೆ ಯೋಚನೆ ಹಿಡಿದುಕೊಳ್ಳುತ್ತದೆ ಎಂಬ ಭಯ ಅವಳಿಗೆ.

ನಾನು ಅವಳ ಮನೆಯಲ್ಲೇ ಬಾಡಿಗೆಗಿರುವವಳು. ಮೂರಂತಸ್ತಿನ ಮರದ ಮನೆ. ಮೂರನೆಯದು ನನ್ನದು, ಎರಡನೆಯದರಲ್ಲಿ ಯಾರ್ಯಾರೋ ಬಂದು ಹೋಗುತ್ತಿದ್ದರು, ಮೊದಲನೆಯದು ಅವಳದು. ಆ ಮೊದಲನೆಯ ಅಂತಸ್ತಿನ ಅಡುಗೆಮನೆಯನ್ನು ನೀವು ನೋಡಬೇಕಿತ್ತು. ಹಾಲಿನಂಥ ಬಿಳಿ ಒಲೆ, ಗೋಡೆಗೆ ಹೂವಿನ ಹಂಚು, ಕಸೂತಿಯ ಮೇಜುಬಟ್ಟೆ, ಗಾಜಿನ ಬೀರುವಿನಲ್ಲಿ ಬಂಗಾರದ ಅಂಚಿನ ಕಪ್ಪುಗಳು. ಒಕ್ತಾವಿಯು ಬದುಕಿದ್ದಾಗ ಕೊಂಡ ಒಲೆ ಅದು. ಹದಿನೇಳು ವರ್ಷಗಳಲ್ಲಿ ಒಂದು ದಿನವೂ ಅದನ್ನು ಹೊತ್ತಿಸಿರಲಿಲ್ಲ. ಪೋರ್ತುಗಲ್ ಕಡೆಯ ದ್ವೀಪದಿಂದ ಬಂದ ನಮ್ಮವರ ಮನೆಗಳಲ್ಲೆಲ್ಲ ಹೀಗೆಯೇ. ಮೇಲಿನ ಅಡುಗೆಮನೆ ಪಾದ್ರಿ ಬಂದರೆ, ಡಾಕ್ಟರು ಬಂದರೆ, ಹೊಸ ಬೀಗರು ಬಂದರೆ. ಬೇಯಿಸುವುದು, ಉಣ್ಣುವುದು, ಜಗಳವಾಡುವುದು ಎಲ್ಲ ನೆಲಮಾಳಿಗೆಯ ಇನ್ನೊಂದು ಅಡುಗೆಮನೆಯಲ್ಲಿ. ಮನೆಯವರು ಪಕ್ಕದ ಸಣ್ಣ ಬಾಗಿಲಿನಿಂದ ನೇರ ಅಲ್ಲಿಗೇ ಇಳಿಯುತ್ತಾರೆ. ಮುಂಬಾಗಿಲು, ಅದರ ಕರೆಗಂಟೆ, ಹೊರಗಿನವರಿಗೆ.

ಬೆಲ್ಮೀರು ಅವಳ ತಮ್ಮ. ತಾಯಿ ಸತ್ತಾಗ ಅವನಿಗೆ ಎಂಟು ವರ್ಷ, ಇವಳಿಗೆ ಇಪ್ಪತ್ತೆರಡು. ಮದುವೆಯಾಗಿ ಅಮೆರಿಕಕ್ಕೆ ಬಂದು ಆರು ತಿಂಗಳೂ ಆಗಿರಲಿಲ್ಲ, ತಿರುಗಿ ಸಮುದ್ರ ದಾಟಿ ದ್ವೀಪಕ್ಕೆ ಹೋದಳು. ಹುಡುಗ ಖಾಲಿ ಮನೆಯಲ್ಲಿ ನೀಲಿ ಅಂಚಿನ ಒಂದು ತಟ್ಟೆಯನ್ನು ಮುಂದಿಟ್ಟುಕೊಂಡು ಕೂತಿದ್ದನಂತೆ. ಪಕ್ಕದ ಮನೆಯವರು ಊಟ ತಂದು ಹಾಕುತ್ತಾರೆಂದು ಕಾಯುತ್ತಿದ್ದನಂತೆ. ಆ ತಟ್ಟೆಯನ್ನು ಸ್ವೆಟರಿನಲ್ಲಿ ಸುತ್ತಿಕೊಂಡೇ ಅಕ್ಕನ ಜೊತೆ ವಿಮಾನ ಹತ್ತಿದ. ಲಿಯೊಂಟೀನಾಗೆ ಮಕ್ಕಳಾಗಲಿಲ್ಲ. ಮಗ ಎಂದರೂ ಅವನೇ, ತಮ್ಮ ಎಂದರೂ ಅವನೇ.

ನನಗಂತೂ ಅವನನ್ನು ಕಂಡರೆ ಮೈ ಉರಿಯುತ್ತಿತ್ತು, ಮುಚ್ಚಿಡುವುದೇಕೆ. ಛಾವಣಿಗೆ ಡಾಂಬರು ಬಳಿಯುವ ಕೆಲಸ ಅವನದು. ಮನಸ್ಸು ಬಂದರೆ ಹೋಗುತ್ತಿದ್ದ, ಇಲ್ಲವಾದರೆ ಇಲ್ಲ. ಹೆಂಡತಿ ಹೊರಗೆ ಹಾಕಿದ ಮೇಲೆ ನೆಲಮಾಳಿಗೆಯ ಅಡುಗೆಮನೆಗೆ ಅಂಟಿಕೊಂಡ ಸಣ್ಣ ಕೋಣೆಗೆ ಬಂದವನು ಹನ್ನೊಂದು ವರ್ಷವಾದರೂ ಅಲ್ಲಾಡಿರಲಿಲ್ಲ. ಮಾತು ಮಾತ್ರ ಬೆಣ್ಣೆ. ಜೂಜಿನ ಯಂತ್ರಗಳಿರುವ ಊರಿನ ಬಸ್ಸು ಹತ್ತಿದ ವಾರ ಮನೆಯಲ್ಲಿ ಏನಾದರೊಂದು ಕಾಣೆಯಾಗುತ್ತಿತ್ತು. ಒಕ್ತಾವಿಯುವಿನ ಕೈಗಡಿಯಾರ ಎರಡು ಸಲ ಗಿರವಿ ಅಂಗಡಿ ನೋಡಿಕೊಂಡು ಬಂತು. ನನ್ನ ಗಂಡನ ಡ್ರಿಲ್ ಯಂತ್ರ ಹೋದದ್ದು ಬರಲೇ ಇಲ್ಲ. ನಾನು ಕೂಗಾಡಿದರೆ ಲಿಯೊಂಟೀನಾ ಸೊಪ್ಪು ಹೆಚ್ಚುತ್ತಲೇ ಉತ್ತರ ಕೊಡುತ್ತಿದ್ದಳು.

"ತರ್ತಾನೆ ಬಿಡೆ. ಅವನು ಕದಿಯಲ್ಲ, ಎತ್ಕೊಂಡ್ ಹೋಗ್ತಾನೆ ಅಷ್ಟೇ."

"ಎರಡಕ್ಕೂ ಏನೇ ವ್ಯತ್ಯಾಸ?"

"ಮನೆಯವರು ಮನೇಲಿ ಕದಿಯೋಕಾಗಲ್ಲ ಜುಲ್ಮೀರಾ. ಅದು ಕಳ್ಳತನ ಅಲ್ಲ."

ಇದೇ ಮಾತನ್ನು ಮುಂದೊಂದು ದಿನ ಇನ್ಶೂರೆನ್ಸ್ ಕಂಪನಿಯೂ ಹೇಳುತ್ತದೆಂದು ನಾವಿಬ್ಬರೂ ಕನಸಿನಲ್ಲೂ ಎಣಿಸಿರಲಿಲ್ಲ.

ಈಸ್ಟರ್ ಆದ ಮೇಲೆ ಏಳು ವಾರ ಪವಿತ್ರಾತ್ಮನ ಬೆಳ್ಳಿಯ ಕಿರೀಟ ನಮ್ಮಲ್ಲಿ ಮನೆಯಿಂದ ಮನೆಗೆ ಹೋಗುತ್ತದೆ. ವಾರಕ್ಕೊಂದು ಮನೆ. ಯಾರ ಮನೆ ಎಂಬುದನ್ನು, ಏಳನೆಯ ವಾರದ ಕೊನೆಗೆ ಹಬ್ಬ ನಡೆಸುವ ನಮ್ಮ ಸಂಘದವರು ಹಿಂದಿನ ವರ್ಷದ ಹಬ್ಬದಲ್ಲೇ ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಲಿಯೊಂಟೀನಾ ಇಪ್ಪತ್ತೆಂಟು ವರ್ಷ ಚೀಟಿ ಹಾಕಿದಳು. ಇಪ್ಪತ್ತೆಂಟು ವರ್ಷವೂ ಬೇರೆಯವರ ಮನೆಯ ಕಿರೀಟದ ಮುಂದೆ ಮೊಣಕಾಲೂರಿ, ಬೇರೆಯವರ ಮನೆಯ ಪಾತ್ರೆ ತೊಳೆದು ಬಂದಳು. ಕೊನೆಗೆ ಆರನೆಯ ವಾರಕ್ಕೆ ಅವಳ ಹೆಸರು ಬಂದಾಗ ಅವಳಿಗೆ ಅರವತ್ತೊಂದು. ಕೇಳಿದವಳೇ ಎದ್ದು ಹೋಗಿ ಸಂಘದ ಅಡುಗೆಮನೆಯಲ್ಲಿ ನಿಂತು ಈರುಳ್ಳಿ ಹೆಚ್ಚಿದಳು, ಕಣ್ಣೀರಿಗೆ ಒಂದು ನೆಪ ಬೇಕಿತ್ತಲ್ಲ.

ಸಂಘದ ಮುಖ್ಯಸ್ಥ ಉರ್ಬಾನು ರಪೋಜು ಪೇಂಟ್ ಅಂಗಡಿಯವನು. ಉಸಿರಿಗೊಂದು ನಿಯಮ ಹೇಳುವವನು. "ನೋಡಿ ಡೋನಾ ಲಿಯೊಂಟೀನಾ, ಕಿರೀಟ ನಿಮ್ಮ ಮನೇಲಿರೋ ವಾರ ನಿಮ್ಮ ಮನೆ ಇನ್ಶೂರೆನ್ಸಲ್ಲಿ ಅದರ ಹೆಸರು ಸೇರಿರಬೇಕು. ಸಂಘದ ನಿಯಮ" ಎಂದ. ಅವಳು ಸೇರಿಸಿದಳು. ಕಾಗದವನ್ನು ಅವನಿಗೆ ತೋರಿಸಿದಳು. ಅವನು ಕನ್ನಡಕ ಹಾಕಿ ಎರಡು ಸಲ ಓದಿ ತಲೆಯಾಡಿಸಿದ.

ಆ ಭಾನುವಾರ ಮುಂಬಾಗಿಲಿನಿಂದ ಕಿರೀಟ ಬಂತು. ಮುಂದಿನ ಕೋಣೆಯಲ್ಲಿ ಬಿಳಿ ಬಟ್ಟೆ ಹೊದಿಸಿ ಏಳು ಮೆಟ್ಟಿಲಿನ ಪೀಠ ಕಟ್ಟಿದ್ದೆವು, ಕಾಗದದ ಹೂವು ನಾನೇ ಮಾಡಿದ್ದೆ. ದಿನಾ ಸಂಜೆ ಜಪಮಾಲೆ, ಆಮೇಲೆ ಸಿಹಿ ರೊಟ್ಟಿ. ಕಿರೀಟ ಮನೆಯಲ್ಲಿರುವ ವಾರ ಬಾಗಿಲಿಗೆ ಬೀಗ ಹಾಕುವಂತಿಲ್ಲ. ಯಾರು ಯಾವಾಗ ಬಂದು ಮೊಣಕಾಲೂರಿದರೂ ಬೇಡ ಅನ್ನುವಂತಿಲ್ಲ. ಬೆಲ್ಮೀರು ಕೂದಲಿಗೆ ನೀರು ಹಚ್ಚಿ ಬಾಚಿಕೊಂಡು ಬಂದವರಿಗೆಲ್ಲ ಕುರ್ಚಿ ಹಾಕುತ್ತಿದ್ದ. ನನಗೂ ಒಂದು ಕ್ಷಣ ಅವನ ಮೇಲೆ ಒಳ್ಳೆಯ ಅಭಿಪ್ರಾಯ ಬಂದುಬಿಟ್ಟಿತ್ತು, ನನ್ನ ಹಣೆಬರಹ.

ಗುರುವಾರ ಬೆಳಿಗ್ಗೆ ಲಿಯೊಂಟೀನಾ ಹೂವಿಗೆ ನೀರು ಹಾಕಲು ಹೋದರೆ ಪೀಠದ ಮೇಲೆ ಕಿರೀಟ ಇರಲಿಲ್ಲ. ಕೆಳಗೆ ಓಡಿದಳು. ಬೆಲ್ಮೀರುವಿನ ಕೋಣೆಯಲ್ಲಿ ಹಾಸಿಗೆ ಮಡಚಿತ್ತು, ಚೀಲ ಇರಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಅವಳು ಹಿಂದಿನ ಸಂಜೆ ಅವನಿಗೆಂದು ಇಟ್ಟಿದ್ದ ನೀಲಿ ಅಂಚಿನ ತಟ್ಟೆ ಹಾಗೇ ಇತ್ತು, ತೊಳೆದದ್ದು ತೊಳೆದಂತೆ.

"ತರ್ತಾನೆ" ಎಂದಳು. ಶುಕ್ರವಾರವೂ ಅದೇ ಎಂದಳು. ಸಂಜೆ ಜಪಕ್ಕೆ ಬಂದ ಹೆಂಗಸರಿಗೆ, ಪಾಲಿಶ್ ಮಾಡಲು ಕೊಟ್ಟಿದ್ದೇನೆ ಎಂದು ಹೇಳಿ ಖಾಲಿ ಪೀಠದ ಮುಂದೆ ಜಪ ಮಾಡಿಸಿದಳು. ಶನಿವಾರ ಉರ್ಬಾನು ಬಂದು ಖಾಲಿ ಪೀಠ ನೋಡಿದ. ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಕುರ್ಚಿ ಹಾಕುತ್ತಿದ್ದ ಬೆಲ್ಮೀರು ಎಲ್ಲಿ ಎಂದು ಮಾತ್ರ ಕೇಳಿದ. ಸಂಜೆಯೊಳಗೆ ಇಡೀ ಬೀದಿಗೆ ವಿಷಯ ಗೊತ್ತಾಗಿತ್ತು.

ಪೊಲೀಸರಿಗೆ ಅವಳು "ಯಾರೋ" ಎಂದಷ್ಟೇ ಬರೆಸಿದಳು. ಬಾಗಿಲು ತೆರೆದಿತ್ತು, ಯಾರೋ ಬಂದರು, ಒಯ್ದರು. ಅವರು ಬರೆದುಕೊಂಡು ಹೋದರು. ಆ ವರ್ಷದ ಹಬ್ಬಕ್ಕೆ ಪಕ್ಕದ ಊರಿನ ಸಂಘದಿಂದ ಕಿರೀಟ ಎರವಲು ತಂದರು. ಲಿಯೊಂಟೀನಾ ಎಂದಿನಂತೆ ಬೆಳಿಗ್ಗೆ ಐದಕ್ಕೆ ಸಂಘದ ಅಡುಗೆಮನೆಗೆ ಹೋದಳು. ತಾನು ಮೂವತ್ತು ವರ್ಷ ಪುದೀನ ಹಾಕಿದ ಆ ಹಬ್ಬದ ಸಾರಿನ ಹಂಡೆಯ ಹತ್ತಿರ ಬೇರೆ ಯಾರೋ ಸೌಟು ಹಿಡಿದು ನಿಂತಿದ್ದರು. ಅವಳ ಕೈಗೆ ಒಂದು ಬಟ್ಟೆ ಕೊಟ್ಟು, ಮೇಜು ಒರೆಸು ಎಂದರು. ಒರೆಸಿದಳು.

ಆ ಬೇಸಿಗೆ ಅವಳ ಜೊತೆ ಇರುವುದೇ ಶಿಕ್ಷೆಯಾಯಿತು. ಮೆಟ್ಟಿಲು ಹತ್ತುವಳು, ಇಳಿಯುವಳು. ಕಾರು ನಿಂತ ಸದ್ದಾದರೆ ಕಿಟಕಿಗೆ ಓಡುವಳು. ಒಗೆದ ಬಟ್ಟೆ ಮತ್ತೆ ಒಗೆಯುವಳು. ಪಕ್ಕದ ಬಾಗಿಲಿನ ಚಿಲಕ ಸರಿಯಾಗಿ ಬಿಚ್ಚಿದೆಯೇ ಎಂದು ದಿನಕ್ಕೆ ಹತ್ತು ಸಲ ನೋಡುವಳು. ಅವನ ಹತ್ತಿರ ಬೀಗದ ಕೈ ಇರಲಿಲ್ಲ, ಎಂದೂ ಬೇಕಾಗಿರಲಿಲ್ಲ. ಮಧ್ಯಾಹ್ನ, ಸಂಜೆ ಎರಡೂ ಹೊತ್ತು ನೀಲಿ ಅಂಚಿನ ತಟ್ಟೆ ಮೇಜಿನ ಮೇಲೆ. ತಿನ್ನುವವರಿಲ್ಲದ ಆ ತಟ್ಟೆಯನ್ನು ತೊಳೆದು ಇಡುವುದನ್ನು ನೋಡಿ ನನಗೆ ಸಿಟ್ಟು ನೆತ್ತಿಗೇರುತ್ತಿತ್ತು.

ಇನ್ಶೂರೆನ್ಸ್ ಕಂಪನಿಯಿಂದ ಬಂದವಳು ಮಿಸ್ ಹ್ಯಾನ್ಲನ್. ಚಪ್ಪಟೆ ಬೂಟು, ದಪ್ಪ ಕಡತ, ಒಳ್ಳೆಯ ಮುಖ. ಮುಂಬಾಗಿಲಿನಿಂದ ಬಂದವಳಾದ್ದರಿಂದ ಲಿಯೊಂಟೀನಾ ಅವಳನ್ನು ಮೇಲಿನ ಅಡುಗೆಮನೆಯಲ್ಲಿ ಕೂರಿಸಿದಳು. ಬಂಗಾರದ ಅಂಚಿನ ಕಪ್ಪು ಇಳಿಸಿದಳು. ಕಾಫಿಯನ್ನು ಮಾತ್ರ ನಾನು ಕೆಳಗಿನ ಒಲೆಯಲ್ಲಿ ಕಾಸಿ ಫ್ಲಾಸ್ಕಿನಲ್ಲಿ ತಂದೆ. ಇಂಗ್ಲಿಷು ಇಬ್ಬರಿಗೂ ಅಷ್ಟಕ್ಕಷ್ಟೆ. ನನ್ನದು ಅವಳಿಗಿಂತ ಒಂದು ಗುಲಗಂಜಿ ಹೆಚ್ಚು.

"ಈ ಅಂತಸ್ತಲ್ಲಿ ಯಾರ್ಯಾರು ಇರ್ತೀರಿ?"

"ನಾನು."

"ನಿಮ್ಮ ತಮ್ಮ?"

ಲಿಯೊಂಟೀನಾ ಸಕ್ಕರೆ ಬಟ್ಟಲನ್ನು ಆ ಕಡೆ ಇಟ್ಟಳು, ಈ ಕಡೆ ಇಟ್ಟಳು. "ಅವನು ಕೆಳಗೆ."

"ಕೆಳಗೆ ಬೇರೆ ಅಡುಗೆಮನೆ ಇದೆಯಾ?"

"ಇದೆ."

ಮಿಸ್ ಹ್ಯಾನ್ಲನ್ ಬರೆದುಕೊಂಡಳು. ಆಮೇಲೆ ಪೆನ್ನು ಕೆಳಗಿಟ್ಟು ನಿಧಾನವಾಗಿ ಹೇಳಿದಳು. "ಅಮ್ಮಾ, ಮೊದಲೇ ಹೇಳಿಬಿಡ್ತೀನಿ. ಹೊರಗಿನವರು ಕದ್ದಿದ್ರೆ ಕಂಪನಿ ಕಿರೀಟದ ಬೆಲೆ ಕೊಡುತ್ತೆ. ನಿಮ್ಮ ಜೊತೆ ಒಂದೇ ಸಂಸಾರದಲ್ಲಿರೋ ಸಂಬಂಧಿಕರು ತಗೊಂಡಿದ್ರೆ ಕೊಡಲ್ಲ. ಪಾಲಿಸಿ ಪ್ರಕಾರ ಅವರೂ ನೀವೂ ಒಂದೇ. ಮನೆಯವರು ತಮ್ಮ ಮನೇಲೇ ಕದ್ದ ಹಾಗೆ ಆಗಲ್ಲ."

ಲಿಯೊಂಟೀನಾ ನನ್ನ ಕಡೆ ನೋಡಿದಳು. ಜೀವಮಾನವಿಡೀ ತಾನು ಹೇಳಿದ್ದನ್ನೇ ಯಾರೋ ಕಡತದಿಂದ ಓದಿ ಹೇಳುತ್ತಿದ್ದರು.

"ಇನ್ನೊಂದು ಮಾತು" ಎಂದಳು ಮಿಸ್ ಹ್ಯಾನ್ಲನ್. "ಅವರು ಬೇರೆ ಸಂಸಾರ ಅಂತ ಆದ್ರೆ ನಾವು ಕೊಡ್ತೀವಿ. ಆದ್ರೆ ಕದ್ದವರು ಯಾರು ಅಂತ ನೀವು ಹೆಸರು ಬರೆದು ಸಹಿ ಹಾಕಬೇಕಾಗುತ್ತೆ. ಅದು ಪೊಲೀಸರಿಗೆ ಹೋಗುತ್ತೆ, ನಾವೂ ಅವರ ಹಿಂದೆ ಬೀಳ್ತೀವಿ. ಅರ್ಥ ಆಯ್ತಲ್ಲ?"

ಅರ್ಥವಾಗಿತ್ತು. ಕಿರೀಟ ಬೇಕೆಂದರೆ ಅವಳು ಬೆಲ್ಮೀರು ತನ್ನವನಲ್ಲ ಎನ್ನಬೇಕು, ಅವನನ್ನು ಹಿಡಿದು ಕೊಡಬೇಕು. ಅವನು ತನ್ನವನೇ ಎಂದರೆ ಅವನು ಉಳಿಯುತ್ತಾನೆ, ಕಿರೀಟ ಹೋದದ್ದು ಹೋಯಿತು, ಅದನ್ನು ಕಳೆದ ಮನೆ ಎಂಬ ಹೆಸರು ಫುರ್ತಾದು ಮನೆಗೆ ಶಾಶ್ವತ.

ಉರ್ಬಾನುವಿಗೆ ವಿಷಯ ತಿಳಿದದ್ದೇ ಪೇಂಟ್ ಅಂಗಡಿ ಮುಚ್ಚಿ ಓಡಿ ಬಂದ. "ಎರಡು ಅಡುಗೆಮನೆ! ಡೋನಾ ಲಿಯೊಂಟೀನಾ, ಎರಡು ಒಲೆ ಅಂದ್ರೆ ಎರಡು ಸಂಸಾರ! ಮೇಲಿಂದು ನಿಮ್ಮದು, ಕೆಳಗಿಂದು ಅವಂದು. ಇದರಲ್ಲಿ ಸುಳ್ಳೇನಿದೆ? ದೇವರೇ ಕೊಟ್ಟ ದಾರಿ."

"ಮೇಲಿನ ಒಲೆ ನಾನು ಹಚ್ಚೇ ಇಲ್ವಲ್ಲ ಉರ್ಬಾನು."

"ಹಚ್ಚಿ! ಯಾರು ಬೇಡ ಅಂದ್ರು? ಸಂಘದ ನೂರಾ ಹತ್ತು ವರ್ಷದ ಕಿರೀಟ ಅದು. ನಿಮ್ಮ ತಮ್ಮನ ಹೊಟ್ಟೆ ತುಂಬಿಸೋಕೆ ನಮ್ಮ ಅಜ್ಜಂದಿರು ದ್ವೀಪದಿಂದ ಹೊತ್ತು ತಂದಿದ್ದಲ್ಲ."

ಅವನು ಹೋದ ಮೇಲೆ ನಾನು ಆ ಬೆಂಕಿಗೆ ಇನ್ನಷ್ಟು ತುಪ್ಪ ಸುರಿದೆ. ಒಪ್ಪಿಕೊಳ್ಳುತ್ತೇನೆ. "ಅವನಿಗೋಸ್ಕರ ಎಷ್ಟು ದಿನ ಅಂತ ಸಾಯ್ತೀಯೆ? ನಿನ್ನ ಬಗ್ಗೆ ಒಂದು ಸಲ ಯೋಚ್ನೆ ಮಾಡು" ಎಂದೆ.

ಅವಳು ಒರೆಸಿದ್ದನ್ನೇ ಒರೆಸುತ್ತಿದ್ದಳು. ಇದ್ದಕ್ಕಿದ್ದಂತೆ ಬಟ್ಟೆಯನ್ನು ತೊಟ್ಟಿಗೆ ಎಸೆದಳು. "ಒಂದು ವಾರ ಕಣೆ ಜುಲ್ಮೀರಾ. ಅರವತ್ತೆರಡು ವರ್ಷದಲ್ಲಿ ನಂದು ಅಂತ ಇದ್ದಿದ್ದು ಒಂದೇ ಒಂದು ವಾರ. ಅದನ್ನೂ ಪೂರ್ತಿ ಬಿಡ್ಲಿಲ್ವಲ್ಲ ಅವನು. ಭಾನುವಾರದ ತನಕ ಕಾಯೋಕಾಗ್ಲಿಲ್ವಾ ಅವನಿಗೆ? ಭಾನುವಾರದ ತನಕ!"

ಮಿಸ್ ಹ್ಯಾನ್ಲನ್ ಎರಡೂ ಅಡುಗೆಮನೆ ನೋಡಲು ಬರುವ ದಿನ ಗೊತ್ತಾಗಿತ್ತು. ಹಿಂದಿನ ದಿನ ನಾವು ಪಾತ್ರೆ ಸಾಗಿಸಿದೆವು. ಬಾಣಲೆ, ಸಾರಿನ ಪಾತ್ರೆ, ಉಪ್ಪಿನ ಜಾಡಿ, ಬೆಳ್ಳುಳ್ಳಿ ಗೊಂಚಲು ಎಲ್ಲ ಮೇಲಕ್ಕೆ. ಒಲೆ ಬಳಸಿದಂತೆ ಕಾಣಬೇಕಲ್ಲ, ನಾನು ಗೋಡೆಯ ಹೂವಿನ ಹಂಚಿಗೆ ಚಮಚದಲ್ಲಿ ಎಣ್ಣೆ ಸಿಡಿಸಿದೆ. ಹಿಂದೆ ತಿರುಗುವಷ್ಟರಲ್ಲಿ ಅವಳು ಒರೆಸಿಬಿಟ್ಟಿದ್ದಳು. ಮತ್ತೆ ಸಿಡಿಸಿದೆ. ಮತ್ತೆ ಒರೆಸಿದಳು.

"ಏ ಪುಣ್ಯಾತ್ಗಿತ್ತಿ, ಸುಮ್ನಿರೆ! ಕೊಳಕು ಮಾಡೋಕೆ ತಾನೇ ಬಂದಿರೋದು ನಾವು?"

"ಕೈ ಕೇಳಲ್ಲ ಕಣೆ" ಎಂದು ಅವಳು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ರೊಟ್ಟಿ ಬೇಯಿಸಿದ ವಾಸನೆಯೂ ಇರಲಿ ಎಂದು ಆ ಬಿಳಿ ಒಲೆಯ ಓವನ್ ಹಚ್ಚಿದೆವು. ಹತ್ತು ನಿಮಿಷಕ್ಕೆ ಕಪ್ಪು ಹೊಗೆ. ಬಾಗಿಲು ಎಳೆದು ನೋಡಿದರೆ ಹದಿನೇಳು ವರ್ಷದ ಹಿಂದೆ ಅಂಗಡಿಯವನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಒಳಗಿಟ್ಟಿದ್ದ ಒಲೆಯ ಕೈಪಿಡಿ ಉರಿಯುತ್ತಿತ್ತು. ಇಕ್ಕಳದಲ್ಲಿ ಹಿಡಿದು ಹೊರಗೆಸೆದು, ನಾವಿಬ್ಬರೂ ಹೊಗೆಯಲ್ಲಿ ಕೆಮ್ಮುತ್ತ, ಕಣ್ಣೀರು ಸುರಿಸುತ್ತ, ಹೊಟ್ಟೆ ಹಿಡಿದು ನಕ್ಕೆವು. ಆ ವರ್ಷ ಅವಳು ನಕ್ಕಿದ್ದು ಅದೊಂದೇ ಸಲ ಇರಬೇಕು.

ಕೊನೆಗೆ ಕೆಳಗಿನ ಮೇಜಿನ ಮೇಲೆ ಅವನ ನೀಲಿ ತಟ್ಟೆಯೊಂದನ್ನು ಮಾತ್ರ ಬಿಡು ಎಂದೆ. ಒಂಟಿ ಮನುಷ್ಯನ ಮನೆಯಂತೆ ಕಾಣುತ್ತದೆ ಎಂದೆ. ಅವಳು ಬಿಟ್ಟಳು. ಬಾಗಿಲ ತನಕ ಹೋದವಳು ತಿರುಗಿ ನಿಂತಳು. ಖಾಲಿ ಕೋಣೆ, ಒಂದು ಮೇಜು, ಒಂದು ತಟ್ಟೆ.

"ಅವತ್ತು ಹೀಗೇ ಇತ್ತು" ಎಂದಳು.

ಯಾವತ್ತು ಎಂದು ನಾನು ಕೇಳಲಿಲ್ಲ. ದೀಪ ಆರಿಸಿ ಅವಳನ್ನು ಮೇಲಕ್ಕೆ ಎಳೆದುಕೊಂಡು ಬಂದೆ. ಆಗ ಕೇಳಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಮಿಸ್ ಹ್ಯಾನ್ಲನ್ ಬಂದು ಎರಡೂ ಕಡೆ ಫೋಟೋ ತೆಗೆದಳು. ಏನೂ ಹೇಳಲಿಲ್ಲ. ಸೆಪ್ಟೆಂಬರಿನಲ್ಲಿ ಕಂಪನಿಯ ವಕೀಲರ ಆಫೀಸಿಗೆ ಬರಲು ಕಾಗದ ಬಂತು, ಪ್ರಮಾಣ ಮಾಡಿ ಹೇಳಿಕೆ ಕೊಡಬೇಕು ಎಂದು. ನಾನೂ ಹೋದೆ, ಹಿಂದೆ ಗೋಡೆಯ ಪಕ್ಕದ ಕುರ್ಚಿ ತೋರಿಸಿ ಬಾಯಿ ಬಿಡಬಾರದು ಎಂದರು. ಅವಳ ಪಕ್ಕ ಒಬ್ಬ ದುಭಾಷಿ, ಎದುರಿಗೆ ಕೆಮ್ಮುವ ವಕೀಲ, ಮೂಲೆಯಲ್ಲಿ ಮಿಸ್ ಹ್ಯಾನ್ಲನ್. ಲಿಯೊಂಟೀನಾ ಕೈಯೆತ್ತಿ ಪ್ರಮಾಣ ಮಾಡಿದಳು, ಕೂತಳು. ನಿಜವಾಗಿ ಕೂತಳು. ಕಾಲು ಅಲ್ಲಾಡಲಿಲ್ಲ, ಕೈ ಯಾವುದನ್ನೂ ಒರೆಸಲಿಲ್ಲ.

"ನೀವು ಅಡುಗೆ ಮಾಡೋದು ಎಲ್ಲಿ?"

"ಮೇಲೆ."

"ನಿಮ್ಮ ತಮ್ಮ ಊಟ ಮಾಡೋದು?"

"ಕೆಳಗೆ."

"ಅವರ ಹತ್ತಿರ ನಿಮ್ಮ ಮನೆ ಬೀಗದ ಕೈ ಇದೆಯಾ?"

"ಇಲ್ಲ."

ಅದರಲ್ಲಿ ಒಂದೂ ಸುಳ್ಳಲ್ಲವೆಂದು ಉರ್ಬಾನು ಹೇಳಿಕೊಟ್ಟಿದ್ದ. ಅಡುಗೆ ಮೇಲೆ, ಒಂದು ದಿನವಾದರೂ ಮಾಡಿದ್ದೇವಲ್ಲ. ಬೀಗದ ಕೈ ಅವನಿಗೆ ಕೊಟ್ಟಿರಲಿಲ್ಲವಲ್ಲ. ವಕೀಲ ಪುಟ ತಿರುಗಿಸಿದ. ಕಿಟಕಿಯ ಹೊರಗೆ ಯಾವುದೋ ಲಾರಿ ಹಿಂದಕ್ಕೆ ಬರುತ್ತ ಪೀಂ ಪೀಂ ಎನ್ನುತ್ತಿತ್ತು.

ಲಿಯೊಂಟೀನಾ ತಾನಾಗಿ ಬಾಯಿಬಿಟ್ಟಳು. "ಒಂದು ಕೇಳಲಾ? ನೀವು ಕಿರೀಟಕ್ಕೆ ಕೊಡಲ್ಲ ಅಂತಾದ್ರೆ, ಅವನನ್ನ ಬಿಟ್ಟುಬಿಡ್ತೀರಾ?"

ದುಭಾಷಿ ಹೇಳಿದ. ವಕೀಲ ಕನ್ನಡಕದ ಮೇಲಿನಿಂದ ನೋಡಿದ. "ಆಗ ನಮಗೂ ಅವರಿಗೂ ಸಂಬಂಧ ಇಲ್ಲಮ್ಮ. ಈಗ ಇದಕ್ಕೆ ಉತ್ತರ ಹೇಳಿ. ಬೆಲ್ಮೀರು ನಿಮ್ಮ ಸಂಸಾರಕ್ಕೆ ಸೇರಿದವರಾ?"

ನಾನು ಗೋಡೆಯ ಪಕ್ಕದಿಂದ ಮನಸ್ಸಿನಲ್ಲೇ ಅವಳನ್ನು ತಳ್ಳುತ್ತಿದ್ದೆ: ಹೇಳು, ಹೇಳು, ಹೇಳಿಬಿಡು.

"ಅಲ್ಲ" ಎಂದಳು.

ಆಮೇಲೆ ಹೆಸರು ಬರೆದು ಸಹಿ ಹಾಕಿದಳು. ಹೊರಗೆ ಬಂದು ಬಸ್ಸಿಗೆ ನಿಂತಾಗ ಅವಳ ಕಾಲು ಮತ್ತೆ ಶುರುವಾಯಿತು. ಎರಡು ಹೆಜ್ಜೆ ಆ ಕಡೆ, ಎರಡು ಹೆಜ್ಜೆ ಈ ಕಡೆ. ಬಸ್ಸು ಬಂದರೂ ಹತ್ತಲಿಲ್ಲ. ಮನೆಯ ತನಕ ನಡೆದೇ ಬಂದೆವು.

ಬೆಲ್ಮೀರು ನವೆಂಬರಿನಲ್ಲಿ ಪ್ರಾವಿಡೆನ್ಸ್‌ನಲ್ಲಿ ಸಿಕ್ಕಿಬಿದ್ದ. ಕಿರೀಟವನ್ನು ಗಿರವಿ ಇಟ್ಟಿದ್ದನಂತೆ, ಗೆದ್ದು ಶನಿವಾರದೊಳಗೆ ಬಿಡಿಸಿ ತರುವ ಯೋಚನೆಯಂತೆ. ಬಿಡಿಸಲು ಬರಲಿಲ್ಲವೆಂದು ಅಂಗಡಿಯವನು ಅದನ್ನು ಬೆಳ್ಳಿ ಕರಗಿಸುವವನಿಗೆ ಮಾರಿದ್ದ. ಕೋರ್ಟಿನಲ್ಲಿ ಅವನ ವಕೀಲ ಅಕ್ಕನ ಹೇಳಿಕೆಯ ಪ್ರತಿಯನ್ನು ಅವನಿಗೆ ತೋರಿಸಿದ. ಸರ್ಕಾರಿ ವಕೀಲರು ಅವಳನ್ನು ಸಾಕ್ಷಿಗೆ ಕರೆಸುತ್ತಾರೆಂದೂ ಹೇಳಿದ. ಬೆಲ್ಮೀರು ಆ ಹಾಳೆಗಳನ್ನು ಓದಿ ಮಡಚಿ ವಾಪಸ್ ಕೊಟ್ಟು, ಸಾಕ್ಷಿ ಬೇಡ, ತಪ್ಪು ಒಪ್ಪಿಕೊಳ್ಳುತ್ತೇನೆ ಎಂದನಂತೆ. ಹದಿನೆಂಟು ತಿಂಗಳ ಶಿಕ್ಷೆ ಆಯಿತು. ಲಿಯೊಂಟೀನಾ ಮೂರು ಸಲ ಜೈಲಿಗೆ ಹೋದಳು, ಸಿಹಿ ರೊಟ್ಟಿ ಕಟ್ಟಿಕೊಂಡು. ಮೂರು ಸಲವೂ ಅವನು ಭೇಟಿಯ ಕೋಣೆಗೆ ಬರಲಿಲ್ಲ. ರೊ‌ಟ್ಟಿ ಒಳಗೆ ಬಿಡುವುದಿಲ್ಲ ಎಂದು ಕಾವಲುಗಾರ ಹಿಂದಿರುಗಿಸಿದ.

ಹೊಸ ಕಿರೀಟ ಪೋರ್ತುಗಲ್‌ನಿಂದ ಬಂತು. ಉರ್ಬಾನು ಕಣ್ಣಲ್ಲಿ ನೀರು ತಂದುಕೊಂಡು ಸಭೆಯಲ್ಲಿ ಅವಳ ಹೆಸರು ಹೇಳಿದ, ಎಲ್ಲರೂ ಚಪ್ಪಾಳೆ ತಟ್ಟಿದರು. ಹಬ್ಬದ ದಿನ ಸೌಟು ಮತ್ತೆ ಅವಳ ಕೈಗೆ ಬಂತು. ಪುದೀನ ಹಾಕಿದಳು, ಬಡಿಸಿದಳು, ಹಂಡೆ ತೊಳೆದಳು. ಕಿರೀಟದ ಮೆರವಣಿಗೆ ಹೋಗುವಾಗ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಚೀಟಿ ಹಾಕುವ ಪೆಟ್ಟಿಗೆ ಸುತ್ತು ಬಂದಾಗ ಪಕ್ಕದವಳಿಗೆ ದಾಟಿಸಿದಳು. ನಮ್ಮ ಮನೆಯಲ್ಲಿ ಪಾತ್ರೆಗಳೆಲ್ಲ ಮತ್ತೆ ಕೆಳಗಿಳಿದಿದ್ದವು. ಮೇಲಿನ ಒಲೆ ಹಾಲಿನಂತೆ ಬೆಳ್ಳಗಾಗಿತ್ತು.

ಎರಡನೆಯ ವರ್ಷದ ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ ನಾವಿಬ್ಬರೂ ಕೆಳಗೆ ಸೊಪ್ಪಿನ ಸಾರು ಮಾಡುತ್ತಿದ್ದೆವು. ಮುಂಬಾಗಿಲಿನ ಕರೆಗಂಟೆ ಸದ್ದು ಮಾಡಿತು.

"ಪಾದ್ರಿ ಇರ್ಬೇಕು" ಎಂದು ಲಿಯೊಂಟೀನಾ ಕೈ ಒರೆಸಿಕೊಳ್ಳುತ್ತ ಮೆಟ್ಟಿಲು ಹತ್ತಿದಳು. ನಾನೂ ಹಿಂದೆ ಹೋದೆ. ಬಾಗಿಲು ತೆಗೆದರೆ ಬೆಲ್ಮೀರು. ತೆಳ್ಳಗಾಗಿದ್ದ. ಇಸ್ತ್ರಿ ಮಾಡಿದ ಅಂಗಿ, ಟೋಪಿ ಕೈಯಲ್ಲಿ. ಈ ಮನೆಯಲ್ಲಿ ಬೆಳೆದವನು, ನಲವತ್ತು ವರ್ಷ ಪಕ್ಕದ ಬಾಗಿಲನ್ನು ಭುಜದಿಂದ ತಳ್ಳಿ ಒಳಗೆ ಬಂದವನು, ಚಾಪೆಯ ಮೇಲೆ ಬೂಟು ಒರೆಸುತ್ತ ನಿಂತಿದ್ದ.

"ಬರಬಹುದಾ?" ಎಂದ.

ಲಿಯೊಂಟೀನಾ ಅವನ ತೋಳು ಹಿಡಿದು ಕೆಳಗಿನ ಮೆಟ್ಟಿಲ ಕಡೆ ಎಳೆದಳು. "ಬಾ ಬಾ, ಸಾರು ಆಗಿದೆ, ಬಿಸಿ ಬಿಸಿ..."

"ಬೇಡ ಅಕ್ಕ. ಇಲ್ಲೇ ಸಾಕು."

ಜಗಳದ ದನಿಯಲ್ಲ. ಜಗಳವಾಗಿದ್ದರೆ ನನಗೆ ಖುಷಿಯಾಗುತ್ತಿತ್ತು, ನಾಲ್ಕು ಮಾತು ಬಿಸಾಕಬಹುದಿತ್ತು. ಅವನು ನನ್ನ ಕಡೆ ತಲೆಬಾಗಿ, "ಡೋನಾ ಜುಲ್ಮೀರಾ, ನಿಮ್ಮ ಡ್ರಿಲ್ಲು ಮರೆತಿಲ್ಲ" ಎಂದು ಹೇಳಿ, ಮೇಲಿನ ಅಡುಗೆಮನೆಗೆ ಹೋಗಿ ಕಸೂತಿಯ ಮೇಜುಬಟ್ಟೆಯ ಮುಂದೆ ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಕೂತ.

ಲಿಯೊಂಟೀನಾ ಆ ಅಡುಗೆಮನೆಯಲ್ಲಿ ಹೊಸಬಳಂತೆ ತಡಕಾಡಿದಳು. ಚಮಚ ಯಾವ ಖಾನೆಯಲ್ಲಿ ಎಂದು ಗೊತ್ತಿಲ್ಲ, ಒಲೆಯ ಯಾವ ಗುಂಡಿ ಯಾವ ಉರಿಗೆ ಎಂದು ಗೊತ್ತಿಲ್ಲ. ಕೊನೆಗೆ ಕಾಫಿ ಕಾಯಿತು. ಬಂಗಾರದ ಅಂಚಿನ ಕಪ್ಪಿನಲ್ಲಿ ಕೊಟ್ಟಳು. ಅವನು ಕಪ್ಪನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ.

"ಇದನ್ನ ಮುಟ್ಟಿದ್ರೆ ಒಕ್ತಾವಿಯು ಕೈ ಮುರೀತಿದ್ದ. ನೋಡು, ಈಗ ನಾನೂ ಪಾದ್ರಿ ಆಗ್ಬಿಟ್ಟೆ" ಎಂದು ನಕ್ಕ.

ಅವಳು ನಗಲಿಲ್ಲ. "ಎಲ್ಲಿದ್ದೀಯೋ ಈಗ?"

"ನ್ಯೂ ಬೆಡ್‌ಫರ್ಡಲ್ಲಿ ಒಂದು ರೂಮು. ಮೀನು ಕತ್ತರಿಸೋ ಕೆಲಸ."

"ನಿನ್ನ ಕೋಣೆ ಹಾಗೇ ಇದೆ. ಹಾಸಿಗೆ ಬಿಸಿಲಿಗೆ ಹಾಕಿದ್ದೀನಿ."

"ಇರಲಿ ಅಕ್ಕ" ಎಂದ. "ನೀನು ಹೇಳಿದ್ದು ಸರಿನೇ. ನಾನು ಓದ್ದೆ."

ಕಾಫಿ ಮುಗಿಸಿ ಎದ್ದ. ಕಪ್ಪನ್ನು ತಾನೇ ತೊಳೆದು, ಬಟ್ಟೆಯಲ್ಲಿ ಒರೆಸಿ, ಬೋರಲು ಹಾಕಿದ. ಥ್ಯಾಂಕ್ಸ್ ಹೇಳಿದ. ಅಕ್ಕನಿಗೆ ಥ್ಯಾಂಕ್ಸ್ ಹೇಳಿದ! ಮುಂಬಾಗಿಲಿನಿಂದ ಇಳಿದು, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದ. ಆ ವಕೀಲರ ಆಫೀಸಿನಲ್ಲಿ ಹೇಳು ಹೇಳು ಎಂದು ಅವಳನ್ನು ತಳ್ಳಿದವಳು ನಾನೇ ತಾನೆ.

ಲಿಯೊಂಟೀನಾ ಈಗ ಕೂರುತ್ತಾಳೆ ಎಂದುಕೊಂಡೆ. ಕೂರಲಿಲ್ಲ. ದಡದಡನೆ ಕೆಳಗಿಳಿದಳು. ತುಸು ಹೊತ್ತಿಗೆ ಕುದಿಯುವ ಸಾರಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಏದುಸಿರು ಬಿಡುತ್ತ ಬಂದು ಬಿಳಿ ಒಲೆಯ ಮೇಲೆ ಇಟ್ಟಳು. ಮತ್ತೆ ಇಳಿದಳು. ಬಾಣಲೆ ಬಂತು, ಉಪ್ಪಿನ ಜಾಡಿ ಬಂತು, ಬೆಳ್ಳುಳ್ಳಿ ಬಂತು.

"ಏನೇ ಇದು? ಯಾರಾದ್ರೂ ನೋಡೋಕೆ ಬರ್ತಾರಾ?"

"ಯಾರೂ ಬರಲ್ಲ. ಅವನು ಕೆಳಗೆ ಇಳಿಯಲ್ಲ ಅಂತಾನಲ್ಲ. ಅವನು ಎಲ್ಲಿ ತನಕ ಬರ್ತಾನೋ ಅಲ್ಲೇ ನನ್ನ ಅಡುಗೆ ಇರ್ಲಿ" ಎಂದಳು. ಕೊನೆಯ ಸಲ ಹತ್ತಿ ಬಂದಾಗ ಅವಳ ಕೈಯಲ್ಲಿ ನೀಲಿ ಅಂಚಿನ ತಟ್ಟೆ ಇತ್ತು. ಬಂಗಾರದ ಅಂಚಿನ ಕಪ್ಪುಗಳನ್ನು ಒತ್ತಟ್ಟಿಗೆ ಸರಿಸಿ ಅದಕ್ಕೆ ಜಾಗ ಮಾಡಿದಳು.

ಅಂದಿನಿಂದ ನಮ್ಮ ಅಡುಗೆ, ಊಟ, ಜಗಳ ಎಲ್ಲ ಮೇಲೆಯೇ. ವಕೀಲರ ಮುಂದೆ ಅವಳು ಆಡಿದ ಸುಳ್ಳು ಈಗ ಅಕ್ಷರಶಃ ನಿಜ. ಹೂವಿನ ಹಂಚಿನ ಮೇಲೆ ಎಣ್ಣೆಯ ಕಲೆ ಹತ್ತಿದೆ, ಅವಳು ಒರೆಸುವುದಿಲ್ಲ. ಬೆಲ್ಮೀರು ತಿಂಗಳಿಗೊಂದು ಭಾನುವಾರ ಬರುತ್ತಾನೆ, ನೀಲಿ ತಟ್ಟೆಯಲ್ಲಿ ಉಣ್ಣುತ್ತಾನೆ, ಸಂಜೆಯ ಬಸ್ಸಿಗೆ ಹೋಗುತ್ತಾನೆ. ಕಳೆದ ಕ್ರಿಸ್‌ಮಸ್ಸಿಗೆ ನನಗೊಂದು ಹೊಸ ಡ್ರಿಲ್ ಯಂತ್ರ ತಂದುಕೊಟ್ಟ, ಅಂಗಡಿಯ ರಸೀದಿ ಸಮೇತ. ಮುಂಬಾಗಿಲಿಗೆ ಅವಳು ಬೀಗ ಹಾಕುವುದಿಲ್ಲ. ಕಿರೀಟದ ವಾರವಿದ್ದಂತೆ ವರ್ಷವಿಡೀ ತೆರೆದೇ ಇರುತ್ತದೆ. ಗಂಟೆ ಒತ್ತಬೇಡ, ತಳ್ಳಿಕೊಂಡು ಬಾ ಎಂದು ಅವನಿಗೆ ಪ್ರತಿ ಸಲ ಬೈಯುತ್ತಾಳೆ. ಅವನು ಆಯ್ತಕ್ಕ ಎನ್ನುತ್ತಾನೆ. ಮುಂದಿನ ಸಲ ಬಂದಾಗ ತೆರೆದ ಬಾಗಿಲಿನ ಮುಂದೆ ನಿಂತು ಮತ್ತೆ ಗಂಟೆ ಒತ್ತುತ್ತಾನೆ.